ಟೊಮೆಟೊಗೆ ಚೆಂಡುಹೂ ಕಾವಲು, ಎಲೆಕೋಸಿಗೆ ಸಾಸಿವೆ: ತರಕಾರಿಗೆ ಔಷಧ ಕಡಿಮೆ ಮಾಡುವುದು ಹೇಗೆ?

ಟೊಮೆಟೊ, ಬದನೆ, ಬೆಂಡೆ, ಎಲೆಕೋಸು. ನೀವು ಮುಂಬೈನಲ್ಲಿರಿ, ಚೆನ್ನೈನಲ್ಲಿರಿ, ವಾರದ ಸಂತೆಚೀಲದಲ್ಲಿ ಇವು ಇದ್ದೇ ಇರುತ್ತವೆ. ಹೆಚ್ಚು ಕೀಟನಾಶಕ ಹೊಡೆಸಿಕೊಳ್ಳುವ ತರಕಾರಿಗಳ ಸಾಲಿನಲ್ಲೂ ಇವೇ ಮುಂದೆ. ಹಾಗಾದರೆ ರೈತರು ಔಷಧ ಹೊಡೆಯುವುದನ್ನು ಒಮ್ಮೆಲೇ ನಿಲ್ಲಿಸಬಹುದಲ್ಲ ಎಂದು ಕೇಳುವುದು ಸುಲಭ. ಆದರೆ ನಿಲ್ಲಿಸಿದ ಜಾಗದಲ್ಲಿ ಬೇರೇನಾದರೂ ಇರಬೇಕು. ಆ 'ಬೇರೇನು' ಎಂಬುದಕ್ಕೆ ಉತ್ತರ ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ದಶಕಗಳಿಂದ ಸಿದ್ಧವಾಗಿದೆ.

ತರಕಾರಿಯಲ್ಲೇ ಏಕೆ ಹೆಚ್ಚು ತೊಂದರೆ?

ರಾಗಿ, ಜೋಳ ಒಂದೇ ಸಲ ಕೊಯ್ಲಾಗುವ ಬೆಳೆಗಳು. ಟೊಮೆಟೊ, ಬದನೆ, ಬೆಂಡೆ ಹಾಗಲ್ಲ. ಕಾಯಿ ಬಿಡಲು ಶುರುವಾದ ಮೇಲೆ ವಾರಗಟ್ಟಲೆ, ಎರಡು ಮೂರು ದಿನಕ್ಕೊಮ್ಮೆ ಕೀಳುತ್ತಲೇ ಇರಬೇಕು. ಪ್ರತಿ ಕೀಟನಾಶಕದ ಲೇಬಲ್ ಮೇಲೂ ಸಿಂಪಡಿಸಿದ ನಂತರ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಎಂದು ಬರೆದಿರುತ್ತದೆ. ಕೊಯ್ಲಿನ ನಡುವೆಯೇ ಹುಳು ಬಿದ್ದರೆ ರೈತರಿಗೆ ಉಳಿಯುವುದು ಎರಡೇ ದಾರಿ: ಕಾಯಿ ಹಾಳಾಗಲು ಬಿಡುವುದು, ಇಲ್ಲವೇ ಇವತ್ತು ಹೊಡೆದು ನಾಡಿದ್ದು ಕೀಳುವುದು. ಔಷಧದ ಉಳಿಕೆ ನಮ್ಮ ಅಡುಗೆಮನೆಗೆ ಬರುವುದು ಹೆಚ್ಚಾಗಿ ಈ ಎರಡನೇ ದಾರಿಯಿಂದ.

ಕಾನೂನು ಸುಮ್ಮನೆ ಕುಳಿತಿಲ್ಲ. 2005ರಲ್ಲಿ ತರಕಾರಿಗಳ ಮೇಲೆ ಮೊನೊಕ್ರೊಟೊಫಾಸ್ ಬಳಸುವುದನ್ನು ನಿಷೇಧಿಸಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್‌ಗೆ ತಡೆ ಹಾಕಿತು. ಒಂದು ಬೆಳೆಯಲ್ಲಿ ಇಂತಿಷ್ಟು ಉಳಿಕೆ ಇರಬಹುದು ಎಂಬ ಮಿತಿ ನಿಗದಿಯಾಗದ ಕೀಟನಾಶಕಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಸಾಮಾನ್ಯ ಮಿತಿ ಕೆಜಿಗೆ 0.01 ಮಿಲಿಗ್ರಾಂ. ಅಂದರೆ ಹತ್ತು ಕೋಟಿಯಲ್ಲಿ ಒಂದು ಪಾಲು. ಆದರೆ ಒಂದು ಔಷಧ ನಿಷೇಧವಾದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಹುಳುವಿನ ಸಮಸ್ಯೆ ಹೊಲದಲ್ಲಿ ಹಾಗೆಯೇ ಇರುತ್ತದೆ.

ಹೊಡೆದಷ್ಟೂ ಗಟ್ಟಿಯಾಗುವ ಹುಳು

ಎಲೆಕೋಸನ್ನು ಜರಡಿಯಂತೆ ತೂತು ಮಾಡುವ ವಜ್ರಬೆನ್ನಿನ ಪತಂಗದ ಕಥೆ ಕೇಳಿ. 1950ರ ದಶಕದ ಆರಂಭದಲ್ಲೇ ಇಂಡೋನೇಷ್ಯಾದ ಜಾವಾದಲ್ಲಿ ಇದು ಡಿಡಿಟಿಗೆ ಬಗ್ಗದಾಯಿತು. ಆಮೇಲೆ ಬಂದ ಹೊಸ ಹೊಸ ಔಷಧಗಳನ್ನೂ ಒಂದೊಂದಾಗಿ ಜೀರ್ಣಿಸಿಕೊಂಡಿತು. ಕಾರಣ ಸರಳ. ಬಿಸಿ ಹವೆಯಲ್ಲಿ ಇದರ ಒಂದು ತಲೆಮಾರು ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಪ್ರತಿ ಸಿಂಪಡಣೆಯಲ್ಲೂ ಸಾಯದೆ ಉಳಿದ ಕೆಲವು ಹುಳುಗಳೇ ಮುಂದಿನ ಸಂತತಿಯ ತಂದೆತಾಯಿ.

ಅದೇ ಸಿಂಪಡಣೆಯಲ್ಲಿ ಹುಳುಗಳನ್ನು ತಿನ್ನುವ ಜೇಡ, ಗುಲಗಂಜಿ ಹುಳು, ಪರಾವಲಂಬಿ ಕಣಜಗಳೂ ಸಾಯುತ್ತವೆ. ಹೂವಿಗೆ ಬರುವ ಜೇನುನೊಣಕ್ಕೂ ಪೆಟ್ಟು. ಸಿಂಪಡಿಸುವ ಯಂತ್ರ ತೊಳೆದ ನೀರು, ಮಳೆಗೆ ಕೊಚ್ಚಿಹೋದ ಔಷಧ ಕುಂಟೆ, ಕಾಲುವೆ ಸೇರುತ್ತವೆ. ಮೊದಲ ವಿಷ ಮೈಗೆ ತಾಗುವುದು ಮುಖಕ್ಕೆ ಟವೆಲ್ ಸುತ್ತಿಕೊಂಡು ಸಿಂಪಡಿಸುವ ಕೂಲಿಕಾರನಿಗೇ ಎಂಬುದನ್ನು ಮರೆಯಬಾರದು.

ಹದಿನಾರು ಸಾಲಿಗೆ ಒಂದು ಸಾಲು ಚೆಂಡುಹೂ

ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಟೊಮೆಟೊ ಕಾಯಿಕೊರಕಕ್ಕೆ ಕಂಡುಕೊಂಡ ಉಪಾಯ ಹೀಗಿದೆ. ಕಾಯಿಕೊರಕದ ಪತಂಗಕ್ಕೆ ಮೊಟ್ಟೆ ಇಡಲು ಟೊಮೆಟೊಗಿಂತ ಚೆಂಡುಹೂವಿನ ಮೊಗ್ಗು ಹೆಚ್ಚು ಇಷ್ಟ. ಆದ್ದರಿಂದ ಪ್ರತಿ 16 ಸಾಲು ಟೊಮೆಟೊಗೆ ಒಂದು ಸಾಲು ಎತ್ತರದ ಚೆಂಡುಹೂ ನೆಡಬೇಕು.

ಇಲ್ಲಿ ಗುಟ್ಟು ಇರುವುದು ವಯಸ್ಸಿನ ಲೆಕ್ಕದಲ್ಲಿ. ನಾಟಿಯ ದಿನ ಟೊಮೆಟೊ ಸಸಿಗೆ 25 ದಿನ, ಚೆಂಡುಹೂ ಸಸಿಗೆ 45 ದಿನ ಆಗಿರಬೇಕು. ಹಾಗಿದ್ದರೆ ಮಾತ್ರ ಎರಡೂ ಒಟ್ಟಿಗೆ ಹೂ ಬಿಡುತ್ತವೆ, ಪತಂಗ ಚೆಂಡುಹೂವಿಗೆ ಹೋಗುತ್ತದೆ. ಚೆಂಡುಹೂ ತಡವಾದರೆ ಪತಂಗ ಟೊಮೆಟೊವನ್ನೇ ಆರಿಸಿಕೊಳ್ಳುತ್ತದೆ. ಹುಳು ಬಿದ್ದ ಮೊಗ್ಗುಗಳನ್ನು ಕಿತ್ತು ನಾಶ ಮಾಡಿ, ಉಳಿದ ಹೂವನ್ನು ಮಾರಬಹುದು.

ಎಲೆಕೋಸಿಗೆ ಸಾಸಿವೆಯ ಜೋಡಿ ಸಾಲು

ವಜ್ರಬೆನ್ನಿನ ಪತಂಗಕ್ಕೂ ಇದೇ ಸಂಸ್ಥೆಯ ಶಿಫಾರಸು ಇದೆ. ಎಲೆಕೋಸಿನ ಪ್ರತಿ 25 ಸಾಲಿಗೆ ಸಾಸಿವೆಯ ಎರಡು ಸಾಲು. ಒಂದನ್ನು ಎಲೆಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ಮೊದಲ ಸಾಲು ಬಲಿತು ಒಣಗುವ ಹೊತ್ತಿಗೆ ಎರಡನೆಯದು ಹಸಿರಾಗಿ ನಿಂತಿರುತ್ತದೆ. ಪತಂಗಗಳು ಸಾಸಿವೆಗೆ ಮುತ್ತುತ್ತವೆ. ಔಷಧ ಬೇಕಾದರೂ ಆ ಸಾಸಿವೆ ಸಾಲಿಗೆ ಹೊಡೆದರೆ ಸಾಕು, ಇಡೀ ಹೊಲಕ್ಕಲ್ಲ. ಎಲೆಕೋಸಿಗೆ ಬೇವಿನ ಬೀಜದ ಕಷಾಯ ಸಿಂಪಡಿಸಬಹುದು. ಪುಡಿ ಮಾಡಿದ ಬೀಜ ನಾಲ್ಕು ಕೆಜಿ, ನೀರು ನೂರು ಲೀಟರ್. ರಾತ್ರಿ ನೆನೆಸಿ ಬೆಳಿಗ್ಗೆ ಸೋಸಿ ಬಳಸುವುದು.

ಕ್ಯಾಲೆಂಡರ್ ನೋಡಿ ಅಲ್ಲ, ಹೊಲ ನೋಡಿ

ವಾರಕ್ಕೊಮ್ಮೆ ತಪ್ಪದೆ ಹೊಡೆಯುವ ಅಭ್ಯಾಸವೇ ಖರ್ಚಿನ ಮೂಲ. ಹೊಲದಲ್ಲಿ ಮೋಹಕ ಬಲೆ ತೂಗುಹಾಕಿದರೆ ಹೆಣ್ಣು ಪತಂಗದ ವಾಸನೆಗೆ ಮರುಳಾಗಿ ಗಂಡು ಪತಂಗಗಳು ಬೀಳುತ್ತವೆ. ಬಿದ್ದವನ್ನು ಎಣಿಸಿದರೆ ಹುಳು ಬರುವ ಹೊತ್ತು ತಿಳಿಯುತ್ತದೆ. ಈ ಹೊತ್ತು ಬಹಳ ಮುಖ್ಯ. ಕಾಯಿಯೊಳಗೆ ಸೇರಿದ ಹುಳುವಿಗೆ ಯಾವ ಔಷಧವೂ ಸರಿಯಾಗಿ ತಾಗುವುದಿಲ್ಲ. ಮರಿಹುಳು ಹೊರಗಿರುವಾಗಲೇ ಹಿಡಿಯಬೇಕು.

ಟೊಮೆಟೊ ಕಾಯಿಕೊರಕಕ್ಕೆ ಎನ್‌ಪಿವಿ ಎಂಬ ವೈರಸ್ ದ್ರಾವಣವಿದೆ. ಇದು ಆ ಹುಳುವಿಗೆ ಮಾತ್ರ ರೋಗ ತರುತ್ತದೆ, ಜೇನುನೊಣಕ್ಕಾಗಲಿ ಮನುಷ್ಯರಿಗಾಗಲಿ ಅಲ್ಲ. ಬಿಸಿಲಿಗೆ ಶಕ್ತಿ ಕಳೆದುಕೊಳ್ಳುವುದರಿಂದ ಸಂಜೆ ಸಿಂಪಡಿಸಬೇಕು. ಬದನೆಯಲ್ಲಿ ಬಾಡಿದ ಕುಡಿ ಕಂಡ ಕೂಡಲೇ ಚಿವುಟಿ ಸುಡುವುದೇ ದೊಡ್ಡ ಮದ್ದು. ತಳಿಯ ಆಯ್ಕೆಯೂ ಕೈಹಿಡಿಯುತ್ತದೆ. ಹೆಸರಘಟ್ಟದ 'ಅರ್ಕಾ ರಕ್ಷಕ್' ಟೊಮೆಟೊ ಎಲೆ ಮುದುರು ರೋಗ, ದುಂಡಾಣು ಸೊರಗು ರೋಗ ಮತ್ತು ಅಂಗಮಾರಿ, ಈ ಮೂರನ್ನೂ ತಡೆಯುತ್ತದೆ.

ಹಾಗಾದರೆ ಎಲ್ಲರೂ ಏಕೆ ಮಾಡುತ್ತಿಲ್ಲ?

ಸಾಲ ಮಾಡಿ ಬೆಳೆ ಇಟ್ಟವರಿಗೆ ಔಷಧ ಎಂದರೆ ವಿಮೆ ಇದ್ದಂತೆ. ಬಹಳ ಕಡೆ ಸಲಹೆ ಕೊಡುವವರೂ, ಉದ್ದರಿ ಕೊಡುವವರೂ ಔಷಧದ ಅಂಗಡಿಯವರೇ. ಚೆಂಡುಹೂ ಸಸಿಯನ್ನು ಇಪ್ಪತ್ತು ದಿನ ಮೊದಲೇ ಯೋಜಿಸಬೇಕು, ಬಲೆ ಎಣಿಸಲು ದಿನವೂ ಹೊಲಕ್ಕೆ ಹೋಗಬೇಕು. ಇಷ್ಟೆಲ್ಲ ಮಾಡಿದರೂ ಮಂಡಿಯಲ್ಲಿ ಆ ಟೊಮೆಟೊಗೆ ಒಂದು ರೂಪಾಯಿ ಹೆಚ್ಚಿಗೆ ಸಿಗುವ ಖಾತ್ರಿ ಇಲ್ಲ. ಒಂದು ಚುಕ್ಕೆ ಇದ್ದರೆ ಮಾತ್ರ ದರ ಇಳಿಯುವುದು ಖಂಡಿತ.

ನಾವೇನು ಮಾಡಬಹುದು?

ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ, ಎಲೆಕೋಸಿನ ಹೊರಗಿನ ಎಲೆ ತೆಗೆಯಿರಿ. ಮೇಲಿನ ಉಳಿಕೆ ಸಾಕಷ್ಟು ಹೋಗುತ್ತದೆ. ಆದರೆ ಗಿಡದೊಳಗೆ ಹೀರಿಕೊಳ್ಳುವ ಔಷಧಗಳು ತೊಳೆದರೆ ಹೋಗುವುದಿಲ್ಲ. ಹೊಲದಲ್ಲಿ ಕಡಿಮೆಯಾದರೆ ಮಾತ್ರ ತಟ್ಟೆಯಲ್ಲಿ ಕಡಿಮೆಯಾಗುತ್ತದೆ. ಸಣ್ಣ ಕಲೆ ಇರುವ ಬದನೆ, ಒಂದು ತೂತಿರುವ ಎಲೆಯನ್ನು ಪಕ್ಕಕ್ಕೆ ತಳ್ಳದೆ ಕೊಂಡರೆ, ಊರಲ್ಲಿರುವ ನಿಮ್ಮ ನೆಂಟರು ತರಕಾರಿ ಬೆಳೆಯುವವರಾಗಿದ್ದರೆ 25 ಮತ್ತು 45 ದಿನದ ಲೆಕ್ಕ ಅವರಿಗೂ ತಿಳಿಸಿದರೆ, ಅದೂ ಒಂದು ಸಹಾಯವೇ. ಹೊಳೆಯುವ ಟೊಮೆಟೊವನ್ನಷ್ಟೇ ಆರಿಸುವ ನಮ್ಮ ಕೈ ಬದಲಾಗದೆ ರೈತರ ಕೈಯ ಸಿಂಪಡಣೆ ಪಂಪು ಕೆಳಗಿಳಿಯುವುದು ಕಷ್ಟ.