ಪೆಟ್ಟಿಗೆಯಿಲ್ಲದ ರೌಟರು

ಹಾವೇರಿ ಜಿಲ್ಲೆಯ ಮಾಸೂರಿನ ಬಳಿ, ಕುಮುದ್ವತಿ ನದಿಗೆ ಅಡ್ಡಲಾಗಿ ಗುಡ್ಡಗಳ ನಡುವೆ ಕಟ್ಟಿದ ಮದಗದ ಕೆರೆಯನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಯಾವ ಕೆರೆಗೇ ಆಗಲಿ, ಏರಿ ಎಷ್ಟು ಮುಖ್ಯವೋ ನೀರಗಂಟಿಯೂ ಅಷ್ಟೇ ಮುಖ್ಯ. ಯಾವ ತೂಬನ್ನು ಎಷ್ಟು ಹೊತ್ತು ತೆರೆಯಬೇಕು, ಇಂದು ಯಾವ ಗದ್ದೆಯ ಸರದಿ ಎಂಬ ಲೆಕ್ಕವಿರುವುದು ಅವನ ತಲೆಯಲ್ಲಿ, ತೂಬಿನ ಕಲ್ಲಿನಲ್ಲಲ್ಲ. ಉಪಕರಣ ಬೇರೆ, ಅದರ ಮೂಲಕ ನಡೆಯುವ ಕೆಲಸ ಬೇರೆ. ರೌಟರೆಂಬ ವಸ್ತುವನ್ನು ತಿಳಿಯುವುದಕ್ಕೆ ಈ ಭೇದವೇ ಮೊದಲ ಮೆಟ್ಟಿಲು.

ಅಂತರ್ಜಾಲದ ಸಂಪರ್ಕವಿರುವ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ಸಣ್ಣ ಪೆಟ್ಟಿಗೆಯೊಂದು ಹಗಲಿರುಳೂ ದೀಪ ಮಿಣುಕಿಸುತ್ತಿರುತ್ತದೆ. ಅದನ್ನು ನಾವು ರೌಟರೆಂದು ಕರೆಯುತ್ತೇವಾದರೂ ಅದರ ಹೊಟ್ಟೆಯಲ್ಲಿ ಹಲವು ಉಪಕರಣಗಳು ಕೂಡಿಕೊಂಡಿವೆ. ಗಾಜಿನ ತಂತುವಿನಲ್ಲಿ ಬಂದ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಭಾಗ ಒಂದು. ವೈಫೈ ಅಲೆಗಳನ್ನು ಹೊಮ್ಮಿಸುವ ಭಾಗ ಇನ್ನೊಂದು. ತಂತಿಗಳನ್ನು ಜೋಡಿಸುವ ಸ್ವಿಚ್ಚು ಮತ್ತೊಂದು. ಇವುಗಳ ನಡುವೆ ಕುಳಿತು, ಬಂದ ಪೊಟ್ಟಣ ಯಾವ ಕಡೆಗೆ ಹೋಗಬೇಕೆಂದು ನಿರ್ಣಯಿಸುವ ಭಾಗವೇ ನಿಜವಾದ ರೌಟರು. ಮೊದಲಿನವು ಬೆಳಕು, ಅಲೆ, ತಂತಿಗಳ ವಿಷಯ. ಕೊನೆಯದು ಕೇವಲ ನಿಯಮಗಳ ಮತ್ತು ಲೆಕ್ಕದ ವಿಷಯ.

ಆ ಲೆಕ್ಕ ಎಂಥದು? ಹಳೆಯ ಪದ್ಧತಿಯ ಅಂತರ್ಜಾಲ ವಿಳಾಸವು 32 ದ್ವಿಮಾನ ಅಂಕಿಗಳದು. ಆದುದರಿಂದ ಒಟ್ಟು ವಿಳಾಸಗಳು 2ರ 32ನೆಯ ಘಾತ, ಎಂದರೆ ಸುಮಾರು 429 ಕೋಟಿ ಮಾತ್ರ. ಭೂಮಂಡಲದ ಜನಸಂಖ್ಯೆಗೇ ಇದು ಸಾಲದು. ಈ ಕೊರತೆಯನ್ನು ತಪ್ಪಿಸಲು ಕೆಲವು ವಿಳಾಸಗಳನ್ನು ಮನೆಯೊಳಗಿನ ಬಳಕೆಗೆಂದೇ ಮೀಸಲಿಡಲಾಯಿತು, 192.168 ಎಂದು ಮೊದಲಾಗುವ ವಿಳಾಸಗಳು ಆ ಜಾತಿಯವು. ಮನೆಯ ದೂರವಾಣಿಗೆ 192.168.1.20 ಎಂಬ ವಿಳಾಸವಿದೆಯೆನ್ನೋಣ. ಅದು ಒಂದು ಪುಟವನ್ನು ಬೇಡಿ ಪೊಟ್ಟಣ ಕಳುಹಿಸಿದಾಗ, ರೌಟರು ಕಳುಹಿಸಿದವರ ವಿಳಾಸವನ್ನು ಅಳಿಸಿ, ಅಲ್ಲಿ ಮನೆಯ ಹೊರವಿಳಾಸವನ್ನು ಬರೆಯುತ್ತದೆ. ಜೊತೆಗೆ 40001 ಎಂಬಂಥ ಒಂದು ಸಂಖ್ಯೆಯನ್ನು ನಮೂದಿಸಿ, "40001ಕ್ಕೆ ಬರುವ ಉತ್ತರ 20ನೆಯವರಿಗೆ" ಎಂದು ತನ್ನ ದಫ್ತರದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಉತ್ತರ ಬಂದೊಡನೆ ದಫ್ತರ ತೆರೆದು ವಿಳಾಸವನ್ನು ಮರಳಿ ತಿದ್ದುತ್ತದೆ. ದಫ್ತರದಲ್ಲಿ ಗುರುತಿಲ್ಲದ, ಕೇಳದೆ ಬಂದ ಪೊಟ್ಟಣವನ್ನು ಯಾರಿಗೆ ಕೊಡಬೇಕೆಂದು ಅದಕ್ಕೆ ತಿಳಿಯದು. ಅದನ್ನು ಒಳಕ್ಕೆ ಬಿಡುವುದಿಲ್ಲ.

ಇಂಥ ಕೆಲಸವನ್ನು ಯಾವ ಗಣಕಯಂತ್ರವಾದರೂ ಮಾಡಬಲ್ಲುದು. ಗೋಡೆಯ ಪೆಟ್ಟಿಗೆಯೂ ಒಂದು ಪುಟ್ಟ ಗಣಕಯಂತ್ರವೇ. ನಮ್ಮ ಸೀಮೆಗೆ ಈ ವಿಚಾರ ಹೊಸದೂ ಅಲ್ಲ: ಸಿ-ಡಾಟ್ ಸಂಸ್ಥೆ ರೂಪಿಸಿದ 128 ತಂತಿಗಳ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಮೊದಲನೆಯದು 1986ರಲ್ಲಿ ಕಿತ್ತೂರಿನಲ್ಲಿ ಕೆಲಸಕ್ಕೆ ತೊಡಗಿತು, ಅದರಲ್ಲಿ ಕರೆಗಳನ್ನು ಜೋಡಿಸುತ್ತಿದ್ದುದೂ ಸ್ಮೃತಿಯಲ್ಲಿ ಬರೆದಿಟ್ಟ ಆಜ್ಞೆಗಳೇ. ಮನೆಯ ರೌಟರುಗಳ ವಿಷಯದಲ್ಲಿ ತಿರುವು ಬಂದದ್ದು 2003ರಲ್ಲಿ. ಲಿಂಕ್‌ಸಿಸ್ ಕಂಪನಿಯು ತನ್ನ ಡಬ್ಲ್ಯುಆರ್‌ಟಿ54ಜಿ ಎಂಬ ಪೆಟ್ಟಿಗೆಯಲ್ಲಿ ಲಿನಕ್ಸನ್ನು ಬಳಸಿತ್ತು. ಲಿನಕ್ಸಿನ ಪರವಾನಗಿಯ ಕಟ್ಟಳೆಯಂತೆ ಆ ಭಾಗದ ಮೂಲಲಿಪಿಯನ್ನು ಪ್ರಕಟಿಸಬೇಕಾಯಿತು. ಅದರಿಂದ ಹುಟ್ಟಿದ ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶವು ಇಂದು ಸಾಮಾನ್ಯ ಗಣಕಯಂತ್ರದ ಮೇಲೂ ನಡೆಯುತ್ತದೆ. ಫ್ರೀಬಿಎಸ್‌ಡಿಯನ್ನು ಆಧರಿಸಿದ ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಎಂಬವೂ ಇದೇ ಕೆಲಸಕ್ಕಾಗಿ ಇವೆ.

ಕಂಪನಿಯ ಪೆಟ್ಟಿಗೆ ಚೆನ್ನಾಗಿಯೇ ನಡೆಯುತ್ತಿರುವಾಗ ಈ ಖಟಾಟೋಪವೇಕೆ ಎಂದು ನಮ್ಮ ವಿದ್ಯಾರ್ಥಿಗಳು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ. ತಂತ್ರಾಂಶದಲ್ಲಿ ದೋಷಗಳು ಕಂಡುಬರುತ್ತಲೇ ಇರುತ್ತವೆ. ತಯಾರಕನು ಕೆಲವು ವರ್ಷಗಳ ಮೇಲೆ ಹಳೆಯ ಮಾದರಿಗೆ ತಿದ್ದುಪಡಿ ಕೊಡುವುದನ್ನು ನಿಲ್ಲಿಸಿಬಿಡುತ್ತಾನೆ. ಪೆಟ್ಟಿಗೆ ಮಾತ್ರ ದೀಪ ಮಿಣುಕಿಸುತ್ತಲೇ ಇರುತ್ತದೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಗುಪ್ತಪದವನ್ನೇ ಉಳಿಸಿಕೊಂಡಿದ್ದ ಮನೆಯ ರೌಟರುಗಳನ್ನೂ ಕ್ಯಾಮೆರಾಗಳನ್ನೂ ಅಪಾರ ಸಂಖ್ಯೆಯಲ್ಲಿ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರಿನಲ್ಲಿ ಅವುಗಳಿಂದ ನಡೆಸಿದ ದಾಳಿಗೆ ಅಮೆರಿಕದ ಹೆಸರಾಂತ ತಾಣಗಳು ಗಂಟೆಗಟ್ಟಲೆ ಸಿಕ್ಕದಂತಾದವು. ಪೆಟ್ಟಿಗೆಗಳ ಒಡೆಯರಿಗೆ ಅದರ ಸುಳಿವೂ ಇರಲಿಲ್ಲ.

ಇನ್ನು ಮಿಥ್ಯಾಯಂತ್ರ. ಸಮತಲ ದರ್ಪಣದಲ್ಲಿ ಕಾಣುವುದು ಮಿಥ್ಯಾಬಿಂಬವೆಂದು ಭೌತಶಾಸ್ತ್ರದಲ್ಲಿ ಕಲಿತಿದ್ದೇವೆ. ಮಿಥ್ಯೆಯೆಂದ ಮಾತ್ರಕ್ಕೆ ಅದು ಸುಳ್ಳಲ್ಲ. ಅದನ್ನು ನೋಡಬಹುದು, ಅದರ ಛಾಯಾಚಿತ್ರವನ್ನೂ ತೆಗೆಯಬಹುದು. ಬಿಂಬ ಇರುವಂತೆ ತೋರುವ ಸ್ಥಳದಲ್ಲಿ ಕಿರಣಗಳು ನಿಜವಾಗಿ ಕೂಡುವುದಿಲ್ಲ, ಅಷ್ಟೆ. ವರ್ಚುವಲ್ ಮಷೀನೂ ಹಾಗೆಯೇ. ಒಂದೇ ಗಣಕಯಂತ್ರದೊಳಗೆ ಹಲವು ಗಣಕಯಂತ್ರಗಳಿರುವಂತೆ ತೋರಿಸಿ, ಪ್ರತಿಯೊಂದಕ್ಕೂ ಬೇರೆ ಸ್ಮೃತಿ, ಬೇರೆ ತಟ್ಟೆ, ಬೇರೆ ಜಾಲಕಾರ್ಡು ಇದೆಯೆಂಬ ಭಾವನೆಯನ್ನು ಹುಟ್ಟಿಸಲಾಗುತ್ತದೆ. ಒಳಗಿನ ಯಂತ್ರವು ತನ್ನ ಅಧಿಕಾರಕ್ಕೆ ಮೀರಿದ ಆಜ್ಞೆಯನ್ನು ನಡೆಸಹೊರಟಾಗ, ಮೇಲ್ವಿಚಾರಕ ತಂತ್ರಾಂಶವು ಅದನ್ನು ತಡೆದು, ತಾನೇ ಆ ಕೆಲಸವನ್ನು ಮಾಡಿ ಫಲವನ್ನು ಒಪ್ಪಿಸುತ್ತದೆ. ಐಬಿಎಂ ಸಂಸ್ಥೆಯವರು 1960ರ ದಶಕದಲ್ಲಿಯೇ ದೊಡ್ಡ ಯಂತ್ರಗಳಲ್ಲಿ ಇದನ್ನು ಸಾಧಿಸಿ, 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಮೇಜಿನ ಮೇಲಿನ ಯಂತ್ರಗಳ ಸಂಸ್ಕಾರಕಗಳಿಗೆ ಈ ಸೌಕರ್ಯ ಸೇರಿದುದು 2005-06ರಲ್ಲಿ. 2007ರಲ್ಲಿ ಲಿನಕ್ಸಿಗೆ ಕೆವಿಎಂ ಎಂಬ ಮೇಲ್ವಿಚಾರಕ ಕೂಡಿಕೊಂಡಿತು.

ಮಾಸೂರಿನ ನಮ್ಮ ಮನೆಯಲ್ಲಿ ಪಾಠದ ಕಡತಗಳನ್ನೂ ಚಿತ್ರಗಳನ್ನೂ ಇಡುವುದಕ್ಕೆಂದು ಹಳೆಯದೊಂದು ಮೇಜಿನ ಗಣಕಯಂತ್ರವು ಸರ್ವರಾಗಿ ದುಡಿಯುತ್ತಿದೆ. ಅದರಲ್ಲಿ ಪ್ರಾಕ್ಸ್‌ಮಾಕ್ಸ್ ಎಂಬ ತಂತ್ರಾಂಶವನ್ನು ಹೂಡಿ, ಕೆವಿಎಂನ ನೆರವಿನಿಂದ ರೌಟರನ್ನೂ ಅಲ್ಲಿಯೇ ನೆಲೆಗೊಳಿಸಿದ್ದೇವೆ. ಇದಕ್ಕೆ ಯಂತ್ರದಲ್ಲಿ ಎರಡು ಜಾಲದ್ವಾರಗಳು ಬೇಕು. ಒಂದೇ ಇದ್ದಲ್ಲಿ ಎರಡನೆಯ ಕಾರ್ಡನ್ನು ಕೊಂಡು ಸೇರಿಸುವುದು ಸುಲಭೋಪಾಯ. ಓಪನ್‌ಡಬ್ಲ್ಯುಆರ್‌ಟಿಗೆ 256 ಮೆಗಾಬೈಟು ಸ್ಮೃತಿ ಧಾರಾಳವಾಗಿ ಸಾಕು.

ಇಡೀ ಏರ್ಪಾಟಿನ ಮರ್ಮವಿರುವುದು ಸೇತುವೆಗಳಲ್ಲಿ. ಸೇತುವೆಯೆಂದರೆ ಸರ್ವರಿನೊಳಗಿನ ಮಿಥ್ಯಾ ಸ್ವಿಚ್ಚು. ಇಂಥವು ಎರಡು. ಹೊರಸೇತುವೆಗೆ ಕಂಪನಿಯ ತಂತಿ ಬರುವ ದ್ವಾರವನ್ನೂ ಮಿಥ್ಯಾ ರೌಟರಿನ ಹೊರಗಿನ ಕಾರ್ಡನ್ನೂ ಜೋಡಿಸಬೇಕು. ಒಳಸೇತುವೆಗೆ ರೌಟರಿನ ಒಳಗಿನ ಕಾರ್ಡು, ಮನೆಯ ಸ್ವಿಚ್ಚಿಗೆ ಹೋಗುವ ದ್ವಾರ, ಮತ್ತು ಸರ್ವರು ಸ್ವತಃ ಸೇರುತ್ತವೆ. ಸರ್ವರಿಗೆ ಹೊರಸೇತುವೆಯ ಮೇಲೆ ಯಾವ ವಿಳಾಸವನ್ನೂ ಕೊಡಕೂಡದು. ಕೊಟ್ಟರೆ ಕಾವಲುಗಾರನು ಇನ್ನೂ ಒಳಕೋಣೆಯಲ್ಲಿರುವಾಗಲೇ ಮನೆಯ ಗೋಡೆ ಬೀದಿಗೆ ತೆರೆದಂತಾಯಿತು: ಹೊರಗಿನಿಂದ ಬಂದವನು ರೌಟರನ್ನು ಮುಟ್ಟದೆಯೇ, ರೌಟರನ್ನು ಹೊತ್ತ ಯಂತ್ರವನ್ನೇ ತಟ್ಟಬಹುದು. ವಿಳಾಸವಿಲ್ಲದಿದ್ದರೆ ಸರ್ವರು ಆ ಪೊಟ್ಟಣಗಳನ್ನು ಓದದೆ ದಾಟಿಸುತ್ತದೆ. ಉಳಿದ ಹೊಂದಾಣಿಕೆಗಳಲ್ಲಿ ತಪ್ಪಿದರೆ ಜಾಲ ನಡೆಯದು, ತಪ್ಪು ಒಡನೆಯೇ ತಿಳಿಯುತ್ತದೆ. ಇಲ್ಲಿ ತಪ್ಪಿದರೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತಲೇ ಇರುತ್ತದೆ. ಆದುದರಿಂದಲೇ ಇದು ಅಪಾಯದ ಜಾಗ.

ಹೊಸ ರೌಟರನ್ನು ಅಣಿಗೊಳಿಸುವಾಗ ಹಳೆಯದನ್ನು ಕಿತ್ತುಹಾಕಬೇಕಾಗಿಲ್ಲ. ಓಪನ್‌ಡಬ್ಲ್ಯುಆರ್‌ಟಿಯು ತನ್ನ ವಿಳಾಸವನ್ನು 192.168.1.1 ಎಂದೇ ಭಾವಿಸುತ್ತದೆ. ಹಳೆಯ ಪೆಟ್ಟಿಗೆಯದೂ ಬಹುಶಃ ಅದೇ ಇರುತ್ತದೆ. ಹೊಸದಕ್ಕೆ ಮೊದಲೇ 192.168.5.1 ಎಂದು ಬದಲಿಸಿಟ್ಟರೆ ಜಗಳವಿಲ್ಲ. ಅದಕ್ಕೆ ಮೊದಲಿಗೆ ಗುಪ್ತಪದವೂ ಇರುವುದಿಲ್ಲ. ಅದನ್ನು ಇಡುವುದೇ ಪ್ರಥಮ ಕರ್ತವ್ಯ. ಎಲ್ಲವೂ ಸಿದ್ಧವಾದ ಬಳಿಕ ಕಂಪನಿಯವರನ್ನು ಕೇಳಿ, ಅವರ ಪೆಟ್ಟಿಗೆಯನ್ನು ಕೇವಲ ಬೆಳಕು-ವಿದ್ಯುತ್ತುಗಳ ಪರಿವರ್ತಕವಾಗಿ, ಎಂದರೆ ಬ್ರಿಜ್ ಮೋಡಿನಲ್ಲಿ ಇರಿಸಿಕೊಳ್ಳುವುದು ಲೇಸು. ಇಲ್ಲವಾದರೆ ಎರಡು ರೌಟರು, ಎರಡು ದಫ್ತರಗಳಾಗುತ್ತವೆ.

ಫ್ರೀಬಿಎಸ್‌ಡಿ ಜಾತಿಯ ರೌಟರನ್ನು ಆರಿಸಿಕೊಂಡವರಿಗೆ ವಿಚಿತ್ರ ಅನುಭವವೊಂದು ಕಾದಿರುತ್ತದೆ: ಪಿಂಗ್ ಪರೀಕ್ಷೆ ತೇರ್ಗಡೆಯಾಗುತ್ತದೆ, ಆದರೆ ಪುಟಗಳು ತೆರೆಯುವುದಿಲ್ಲ. ಪ್ರತಿ ಪೊಟ್ಟಣಕ್ಕೂ ದಾರಿಯಲ್ಲಿ ಕೆಟ್ಟಿಲ್ಲವೆಂದು ತೋರಿಸುವ ತಾಳೆಸಂಖ್ಯೆಯೊಂದಿರುತ್ತದೆ. ಅದನ್ನು ಎಣಿಸುವ ಕೆಲಸವನ್ನು ತಂತ್ರಾಂಶವು ಕಾರ್ಡಿಗೆ ವಹಿಸಿಬಿಡುವುದು ರೂಢಿ. ಆದರೆ ಮಿಥ್ಯಾ ಕಾರ್ಡಿನಿಂದ ಮಿಥ್ಯಾ ಕಾರ್ಡಿಗೆ ಹೋಗುವ ಪೊಟ್ಟಣ ತಂತಿಯನ್ನು ಕಾಣುವುದೇ ಇಲ್ಲ. ಹಾಗಾಗಿ ಸಂಖ್ಯೆಯನ್ನು ಯಾರೂ ಪೂರ್ತಿಗೊಳಿಸುವುದಿಲ್ಲ, ಪೊಟ್ಟಣ ಕೆಟ್ಟಿದೆಯೆಂದು ಮುಂದೆ ಯಾರೋ ಅದನ್ನು ಎಸೆದುಬಿಡುತ್ತಾರೆ. ರೌಟರಿನ ಹೊಂದಾಣಿಕೆಯಲ್ಲಿ ಈ ವಹಿಸುವಿಕೆಯನ್ನು ನಿಲ್ಲಿಸಿದರೆ ತೊಂದರೆ ನಿವಾರಣೆಯಾಗುತ್ತದೆ.

ಈ ವ್ಯವಸ್ಥೆಯ ನಿಜವಾದ ದೋಷ ಬೇರೊಂದಿದೆ. ಸರ್ವರು ಮಲಗಿದರೆ ಮನೆಯ ಜಾಲವೆಲ್ಲ ಮಲಗುತ್ತದೆ. ದುರಸ್ತಿಯ ವಿಧಾನವನ್ನು ಹುಡುಕಲು ಜಾಲ ಬೇಕು, ಜಾಲ ಬರಲು ದುರಸ್ತಿಯಾಗಬೇಕು. ಆದುದರಿಂದ ಸರ್ವರಿಗೆ ರೌಟರನ್ನು ಕೇಳಿ ಪಡೆಯುವ ವಿಳಾಸವಲ್ಲ, ಕೈಯಿಂದ ಬರೆದ ಸ್ಥಿರ ವಿಳಾಸವಿರಬೇಕು. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಬರುವ ನಮ್ಮಂಥ ಊರುಗಳಲ್ಲಿ, ವಿದ್ಯುತ್ತು ಮರಳಿದೊಡನೆ ಯಂತ್ರ ತಾನಾಗಿ ಏಳುವಂತೆಯೂ, ಎದ್ದೊಡನೆ ಎಲ್ಲಕ್ಕಿಂತ ಮೊದಲು ರೌಟರನ್ನು ಎಬ್ಬಿಸುವಂತೆಯೂ ಏರ್ಪಡಿಸಬೇಕು. ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು. ಇನ್ನು ವಿದ್ಯುತ್ತಿನ ಖರ್ಚು: 40 ವಾಟಿನ ಸರ್ವರು 30 ದಿನ ಹಗಲಿರುಳು ನಡೆದರೆ 28.8 ಯೂನಿಟ್, 8 ವಾಟಿನ ಪೆಟ್ಟಿಗೆಗೆ 5.76 ಯೂನಿಟ್ ಮಾತ್ರ. ಬೇರೆ ಕೆಲಸಕ್ಕಾಗಿ ಸರ್ವರು ಹೇಗೂ ನಡೆಯುತ್ತಿದ್ದರೆ ರೌಟರು ಅದಕ್ಕೆ ಭಾರವಲ್ಲ. ರೌಟರಿಗಾಗಿಯೇ ಸರ್ವರನ್ನು ಕೊಳ್ಳುವುದು ನಮ್ಮ ದೃಷ್ಟಿಯಲ್ಲಿ ದುಂದುಗಾರಿಕೆ.

ಕೊನೆಯದಾಗಿ ಹೊಸ ಪದ್ಧತಿಯ ವಿಳಾಸದ ಮಾತು. ಐಪಿವಿ6 ಎಂಬ ಈ ಪದ್ಧತಿಯಲ್ಲಿ ವಿಳಾಸಕ್ಕೆ 128 ದ್ವಿಮಾನ ಅಂಕಿಗಳು. ಕೊರತೆಯ ಪ್ರಶ್ನೆಯೇ ಇಲ್ಲ. ಮನೆಯ ಪ್ರತಿಯೊಂದು ಯಂತ್ರಕ್ಕೂ ಜಗತ್ತಿಗೆಲ್ಲ ಕಾಣುವ ಸ್ವಂತ ವಿಳಾಸ ದೊರೆಯುತ್ತದೆ. ಆಗ ದಫ್ತರ ಬೇಕಿಲ್ಲ. ದಫ್ತರವಿಲ್ಲದುದರಿಂದ, ಕೇಳದೆ ಬಂದವರನ್ನು ಅದು ಅನಾಯಾಸವಾಗಿ ತಡೆಯುತ್ತಿದ್ದ ಗುಣವೂ ಇಲ್ಲ. ತಡೆಯುವ ನಿಯಮವನ್ನು ಸ್ಪಷ್ಟವಾಗಿ ಬರೆದಿರಬೇಕು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಅದು ಮೊದಲಿನಿಂದಲೇ ಬರೆದಿರುತ್ತದೆ; ಆದರೂ ಪ್ರಯೋಗದಿಂದ ಪರೀಕ್ಷಿಸುವುದು ಉಚಿತ. ದೂರವಾಣಿಯ ವೈಫೈಯನ್ನು ಆರಿಸಿ, ಮೊಬೈಲು ಜಾಲದ ಮೂಲಕ ಸರ್ವರಿನ ಐಪಿವಿ6 ವಿಳಾಸವನ್ನೂ ಪ್ರಾಕ್ಸ್‌ಮಾಕ್ಸ್ ಬಳಸುವ 8006 ಎಂಬ ದ್ವಾರಸಂಖ್ಯೆಯನ್ನೂ ಕೊಟ್ಟು ಕರೆದು ನೋಡಬೇಕು. ಪುಟ ತೆರೆಯದಿದ್ದರೆ ನಿಯಮವು ಕೆಲಸಮಾಡುತ್ತಿದೆ. ತೆರೆದರೆ ಹೊರತಂತಿಯನ್ನು ಆ ಕ್ಷಣವೇ ಕಿತ್ತು, ಹೊರಸೇತುವೆಯ ಹೊಂದಾಣಿಕೆಯಿಂದ ಪರಿಶೀಲನೆಯನ್ನು ಮತ್ತೆ ಆರಂಭಿಸಬೇಕು.