ಮನೆಯೊಳಗೊಂದು ದರ್ಬಾರು: ದಸರಾ ಗೊಂಬೆ ಕೂರಿಸುವ ಬಗೆ

ಆಶ್ವಯುಜ ಶುದ್ಧ ಪಾಡ್ಯದಿಂದ ವಿಜಯದಶಮಿಯವರೆಗೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ನಡೆಯುವ ದೊಡ್ಡ ಸಂಭ್ರಮ ಗೊಂಬೆ ಕೂರಿಸುವುದು. ನಡುಮನೆಯ ಒಂದು ಗೋಡೆಗೆ ಒತ್ತಿಕೊಂಡಂತೆ ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ಸಾಲುಸಾಲಾಗಿ ಗೊಂಬೆಗಳನ್ನಿಟ್ಟು, ಒಂಬತ್ತು ದಿನವೂ ಸಂಜೆ ಆರತಿ ಮಾಡಿ, ನೆರೆಹೊರೆಯ ಹೆಂಗಸರನ್ನೂ ಮಕ್ಕಳನ್ನೂ ಕರೆದು ತೋರಿಸುತ್ತಾರೆ. ತಮಿಳುನಾಡಿನಲ್ಲಿ ಇದೇ ಕೊಲು, ಆಂಧ್ರದಲ್ಲಿ ಬೊಮ್ಮಲ ಕೊಲುವು. ಉತ್ತರ ಕರ್ನಾಟಕದ ನವರಾತ್ರಿಯ ಕ್ರಮ ಬೇರೆ. ಅಲ್ಲಿ ಘಟಸ್ಥಾಪನೆ, ಆರದಂತೆ ಕಾಯುವ ದೀಪ, ದಶಮಿಯ ದಿನ ಬನ್ನಿ ಎಲೆ ಕೊಟ್ಟು ‘ಬಂಗಾರದಂಗ ಇರೂಣ’ ಎಂದು ಹಿರಿಯರ ಕಾಲಿಗೆ ಬೀಳುವುದು ಮುಖ್ಯ. ಗೊಂಬೆಯ ಹಬ್ಬ ಮೈಸೂರು, ಮಂಡ್ಯ, ಹಾಸನ, ತುಮಕೂರು, ಬೆಂಗಳೂರಿನ ಸುತ್ತಮುತ್ತ ಬೇರೂರಿದ್ದು.

ಈ ಮನೆಹಬ್ಬದ ಮೇಲೆ ಅರಮನೆಯ ನೆರಳು ಢಾಳಾಗಿ ಬಿದ್ದಿದೆ. ವಿಜಯನಗರದ ಅರಸರು ಮಹಾನವಮಿಯನ್ನು ಒಂಬತ್ತು ದಿನ ವೈಭವದಿಂದ ನಡೆಸುತ್ತಿದ್ದುದನ್ನು 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಣ್ಣಾರೆ ಕಂಡು ಬರೆದಿದ್ದಾನೆ. ಆ ಪರಂಪರೆಯನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. 1799ರ ನಂತರ ರಾಜಧಾನಿಯ ಜೊತೆಗೆ ದಸರೆಯೂ ಮೈಸೂರಿಗೆ ಬಂತು. ನವರಾತ್ರಿಯಲ್ಲಿ ಅರಸರು ಸಿಂಹಾಸನವೇರಿ ದರ್ಬಾರು ನಡೆಸುವುದು ವಾಡಿಕೆ. ಈಗಲೂ ಅರಮನೆಯಲ್ಲಿ ಖಾಸಗಿ ದರ್ಬಾರು ನಡೆಯುತ್ತದೆ. ಮನೆಯ ಗೊಂಬೆಗಳನ್ನು ನೋಡಿದರೆ ಅದೇ ವಿನ್ಯಾಸ ಕಾಣುತ್ತದೆ: ತುದಿಯಲ್ಲಿ ರಾಜ ರಾಣಿ, ಕೆಳಗೆ ದೇವಾನುದೇವತೆಗಳು, ಅದಕ್ಕೂ ಕೆಳಗೆ ಸೈನ್ಯ, ವಾದ್ಯದವರು, ಅಂಗಡಿಕಾರರು, ರೈತರು. ಅರಮನೆಯೂ ಗೊಂಬೆಗಳನ್ನು ಬಿಟ್ಟಿರಲಿಲ್ಲ. ಈಗಿನ ಮೈಸೂರು ಅರಮನೆಯ ಗೊಂಬೆ ತೊಟ್ಟಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಮತ್ತು ಇಪ್ಪತ್ತನೆಯ ಶತಮಾನದ ಆದಿಭಾಗದ ಗೊಂಬೆಗಳಿವೆ. ಚಿನ್ನದ ಅಂಬಾರಿ ನೋಡುವ ಆತುರದಲ್ಲಿ ಪ್ರವಾಸಿಗರು ಅವುಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಿಂತು ನೋಡಬೇಕಾದ ಗೊಂಬೆಗಳು ಅವು.

ಎಲ್ಲಕ್ಕೂ ಮೊದಲು ಸಿದ್ಧವಾಗಬೇಕಾದದ್ದು ಪಟ್ಟದ ಗೊಂಬೆ. ಇದು ಗಂಡು ಹೆಣ್ಣಿನ ಜೋಡಿ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟು ಕಳಿಸುವ ಈ ಜೋಡಿಯಿಂದಲೇ ಹೊಸ ಮನೆಯ ಗೊಂಬೆ ಹಬ್ಬ ಶುರುವಾಗುತ್ತದೆ. ಹಳೆಯವು ರಕ್ತಚಂದನದ ಮರದಲ್ಲಿ ಕೆತ್ತಿದವು. ತಿರುಪತಿಗೆ ಹೋದವರು ತರುತ್ತಿದ್ದುದೂ ಉಂಟು. ರಕ್ತಚಂದನದ ಕಡಿತ, ಮಾರಾಟಗಳ ಮೇಲೆ ಈಗ ಬಿಗಿಯಾದ ನಿರ್ಬಂಧ ಇರುವುದರಿಂದ ಬೇರೆ ಮರದಲ್ಲಿ ಕೆತ್ತಿ ಕೆಂಪು ಬಣ್ಣ ಕೊಟ್ಟ ಗೊಂಬೆಗಳೇ ಅಂಗಡಿಯಲ್ಲಿ ಹೆಚ್ಚು. ಮನೆಯಲ್ಲಿ ಅಜ್ಜಿಯ ಕಾಲದ ಜೋಡಿ ಇದ್ದರೆ ಅದನ್ನು ಹೊಸದಕ್ಕೆ ಬದಲಾಯಿಸುವ ಮಾತೇ ಬೇಡ. ಮೂಗು ಸವೆದಿರಲಿ, ಕಣ್ಣಿನ ಬಣ್ಣ ಮಾಸಿರಲಿ, ಆ ಮನೆಗೆ ಅದೇ ಪಟ್ಟದ ಗೊಂಬೆ.

ಮರದ ಈ ಜೋಡಿಗೆ ಬಟ್ಟೆ ಉಡಿಸುವುದು ಹಬ್ಬದ ಅತ್ಯಂತ ನಾಜೂಕಿನ ಕೆಲಸ. ಹಳೆಯ ರೇಷ್ಮೆ ಸೀರೆಯ ಅಂಚನ್ನು ಒಂದು ಗೇಣಿನ ಅಗಲಕ್ಕೆ ಕತ್ತರಿಸಿ, ಬೆರಳಿನ ಉಗುರಿನಷ್ಟು ಸಣ್ಣ ನೆರಿಗೆ ಹಿಡಿದು, ಸೊಂಟಕ್ಕೆ ದಾರದಿಂದ ಕಟ್ಟಿ, ಸೆರಗನ್ನು ಎಡಭುಜದ ಮೇಲೆ ತಂದು ಬಿಡುತ್ತಾರೆ. ನೆರಿಗೆ ಬಿಚ್ಚದಿರಲು ಇಸ್ತ್ರಿ ಹಾಕಿ, ಮೇಲ್ತುದಿಗೆ ಒಂದು ಹೊಲಿಗೆ ಹಾಕಿಕೊಂಡರೆ ಸುಲಭ. ರಾಣಿಗೆ ಕಪ್ಪು ನೂಲಿನ ಜಡೆ, ಮುತ್ತಿನ ಸರ, ಡಾಬು. ರಾಜನಿಗೆ ಕಚ್ಚೆಪಂಚೆ, ನಿಲುವಂಗಿ, ಜರಿಯ ಮೈಸೂರು ಪೇಟ. ಪೇಟ ಸುತ್ತುವುದು ಕೈಪಳಗಿದವರ ಕೆಲಸ: ರಟ್ಟಿನ ಸಣ್ಣ ಬಳೆಗೆ ಬಟ್ಟೆಯನ್ನು ಓರೆಯಾಗಿ ಸುತ್ತಿ, ಎದುರಿಗೆ ಒಂದು ಜರಿ ಪಟ್ಟಿ ಬರುವಂತೆ ನೋಡಿಕೊಳ್ಳಬೇಕು. ಮನೆಯಲ್ಲಿ ಹೊಲಿಗೆ ಬಲ್ಲ ಅತ್ತೆಯೋ ಚಿಕ್ಕಮ್ಮನೋ ಇದ್ದರೆ ಈ ಕೆಲಸ ಅವರ ಪಾಲಿಗೆ. ಪಕ್ಕದಲ್ಲಿ ಕೂತು ದಾರ ಪೋಣಿಸಿಕೊಡುವ ಮಕ್ಕಳು ನಾಲ್ಕಾರು ವರ್ಷಗಳಲ್ಲಿ ತಾವೇ ಉಡಿಸುವಷ್ಟು ಕಲಿತುಬಿಡುತ್ತಾರೆ.

ಮೆಟ್ಟಿಲುಗಳು ಬೆಸ ಸಂಖ್ಯೆಯಲ್ಲಿರಬೇಕು ಎಂಬುದು ರೂಢಿ: 3, 5, 7 ಅಥವಾ 9. ಹಿಂದೆ ಅಟ್ಟದ ಟ್ರಂಕು, ಬೆಂಚು, ಸೀಮೆಎಣ್ಣೆ ಡಬ್ಬ, ಮಣೆ, ಹಲಗೆಗಳೇ ಮೆಟ್ಟಿಲಾಗುತ್ತಿದ್ದವು. ಈಗ ಮಡಚಿಡುವ ಕಬ್ಬಿಣದ ಸ್ಟ್ಯಾಂಡು ಸಿಗುತ್ತದೆ. ಯಾವುದೇ ಇರಲಿ, ಅಲುಗಾಡಬಾರದು. ಹೊಸದಾಗಿ ಶುರುಮಾಡುವವರಿಗೆ ಮೂರು ಮೆಟ್ಟಿಲು ಧಾರಾಳ ಸಾಕು. ಹಲವು ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಯ ಸಂಜೆಗೇ ಮೆಟ್ಟಿಲು ಜೋಡಿಸಿ, ಪಾಡ್ಯದ ಬೆಳಿಗ್ಗೆ ಕಲಶವಿಟ್ಟು, ಪಟ್ಟದ ಗೊಂಬೆಯನ್ನು ಮೊದಲು ಕೂರಿಸುತ್ತಾರೆ. ಮಿಕ್ಕವು ಅದರ ಹಿಂದೆ ಬರುತ್ತವೆ. ಕಲಶ ಮತ್ತು ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲಿ. ದಶಾವತಾರ, ಅಷ್ಟಲಕ್ಷ್ಮಿ, ರಾಮ ಪಟ್ಟಾಭಿಷೇಕದಂಥ ಸೆಟ್ಟುಗಳು ನಂತರದ ಸಾಲುಗಳಲ್ಲಿ. ಮದುವೆ ದಿಬ್ಬಣ, ಜಂಬೂಸವಾರಿ, ಹಳ್ಳಿಯ ನೋಟ ಕೆಳಗೆ. ಶೆಟ್ಟಿ ಮತ್ತು ಶೆಟ್ಟಿಯ ಹೆಂಡತಿಯ ಗೊಂಬೆ ಇಲ್ಲದ ಪ್ರದರ್ಶನ ಅಪೂರ್ವ. ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ಬೇಳೆ, ಬೆಲ್ಲ, ಒಣಮೆಣಸಿನಕಾಯಿ ಇಟ್ಟು ಅಂಗಡಿ ಹೂಡುತ್ತಾರೆ.

ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಸೇರಬೇಕು ಎಂಬ ಪದ್ಧತಿ ಇರುವುದರಿಂದ ಒಂದು ಮನೆಯ ಗೊಂಬೆಗಳು ಆ ಮನೆಯ ಚರಿತ್ರೆಯನ್ನೇ ಹೇಳುತ್ತವೆ. ಈ ಕೃಷ್ಣ ದೊಡ್ಡ ಮಗ ಹುಟ್ಟಿದ ವರ್ಷದ್ದು, ಆ ಆನೆ ತಾತ ನಿವೃತ್ತರಾದಾಗ ತಂದದ್ದು ಎಂದು ಅಮ್ಮಂದಿರು ಒಂದೊಂದನ್ನೂ ಎತ್ತಿ ಹೇಳಬಲ್ಲರು. ಆದ್ದರಿಂದ ಕೊಳ್ಳುವಾಗ ಸ್ವಲ್ಪ ಯೋಚಿಸಿ ಕೊಳ್ಳುವುದು ಒಳ್ಳೆಯದು. ಅಚ್ಚಿನಿಂದ ತೆಗೆದ ಪ್ಲಾಸ್ಟಿಕ್ ಮತ್ತು ಪ್ಲಾಸ್ಟರ್ ಗೊಂಬೆಗಳು ಅಗ್ಗವಾಗಿ ಸಿಗುತ್ತವೆ, ಆದರೆ ಎರಡು ಮೂರು ಹಬ್ಬಕ್ಕೆ ಮಂಕಾಗುತ್ತವೆ. ಮಣ್ಣು, ಮರ, ಕಾಗದದ ತಿರುಳಿನ ಗೊಂಬೆಗಳು ತಲೆಮಾರು ಬಾಳುತ್ತವೆ, ತಯಾರಿಸಿದ ಕೈಗೂ ಕೂಲಿ ಸಿಗುತ್ತದೆ.

ಕನ್ನಡ ನಾಡಿನಲ್ಲೇ ಅಂಥ ಗೊಂಬೆ ಮಾಡುವ ಎರಡು ಊರುಗಳಿವೆ. ಬೆಂಗಳೂರು–ಮೈಸೂರು ರಸ್ತೆಯ ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ಲೇತಿಗೆ ಕಚ್ಚಿಸಿ ಉಳಿಯಿಂದ ರೂಪ ಕೊಡುತ್ತಾರೆ. ತಿರುಗುತ್ತಿರುವ ಮರಕ್ಕೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಮೆತ್ತಿಕೊಳ್ಳುತ್ತದೆ. ಒಣಗಿದ ಕೇದಗೆ ಜಾತಿಯ ಎಲೆಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಹೀಗೆ ಬಂದ ದುಂಡು ಮೈಯ ರಾಜ, ರಾಣಿ, ಬ್ಯಾಂಡಿನವರು ಮಕ್ಕಳ ಕೈಗೆ ಕೊಡಲು ತಕ್ಕವು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕೆಲಸ ಇನ್ನೊಂದು ಬಗೆಯದು. ಅಲ್ಲಿನ ಚಿತ್ರಗಾರ ಕುಟುಂಬಗಳು ಹಗುರ ಮರದಲ್ಲಿ ಕೈಕಾಲುಗಳನ್ನು ಬೇರೆ ಬೇರೆ ಕೆತ್ತಿ ಜೋಡಿಸಿ, ಸಂದುಗಳಿಗೆ ಸೆಣಬಿನ ನಾರು, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟು ಸೇರಿಸಿದ ಲೇಪ ತುಂಬುತ್ತವೆ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಆಭರಣಗಳನ್ನು ಉಬ್ಬಾಗಿ ಎಳೆದು, ಕೊನೆಗೆ ಬಣ್ಣ ಹಚ್ಚುತ್ತವೆ. ಈ ಎರಡೂ ಕಸುಬುಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನೆರೆಯ ಆಂಧ್ರದ ಕೊಂಡಪಲ್ಲಿಯ ಮರದ ಗೊಂಬೆಗಳೂ ತಮಿಳುನಾಡಿನ ಮಣ್ಣಿನ ಗೊಂಬೆಗಳೂ ನಮ್ಮ ಮೆಟ್ಟಿಲುಗಳ ಮೇಲೆ ಹಿಂದಿನಿಂದ ಜಾಗ ಪಡೆದಿವೆ.

ಮೆಟ್ಟಿಲುಗಳ ಮುಂದೆ ನೆಲದ ಮೇಲಿನ ಪಾರ್ಕು ಪೂರ್ತಿ ಮಕ್ಕಳ ರಾಜ್ಯ. ಹಬ್ಬಕ್ಕೆ ಎಂಟು ಹತ್ತು ದಿನ ಮೊದಲೇ ಅಗಲವಾದ ತಟ್ಟೆಗಳಲ್ಲಿ ಎರಡು ಬೆರಳು ಮಣ್ಣು ಹರಡಿ, ರಾತ್ರಿ ನೆನೆಸಿದ ರಾಗಿ ಅಥವಾ ಸಾಸಿವೆಯನ್ನು ಒತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಬೇಕು. ನೀರನ್ನು ಸುರಿಯಬಾರದು, ಕೈಯಿಂದ ಚಿಮುಕಿಸಬೇಕು. ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಹೋಗಿ ಸೇರುತ್ತದೆ. ಮೊಳಕೆ ಬರುವತನಕ ಒದ್ದೆ ಬಟ್ಟೆ ಮುಚ್ಚಿ, ಆಮೇಲೆ ಬೆಳಕಿಗಿಟ್ಟರೆ ಪಾಡ್ಯದ ಹೊತ್ತಿಗೆ ಹಸಿರು ಪೈರು ಎದ್ದು ನಿಂತಿರುತ್ತದೆ. ಅದರ ನಡುವೆ ಕನ್ನಡಿ ಚೂರಿನ ಕೆರೆ, ಮರಳಿನ ರಸ್ತೆ, ಬೆಂಕಿಪೊಟ್ಟಣದ ಮನೆಗಳು, ಇಟ್ಟಿಗೆ ಚೂರಿನ ಬೆಟ್ಟ. ಬೆಟ್ಟದ ತುದಿಯಲ್ಲಿ ಚಾಮುಂಡಿಯ ಗುಡಿ ಮೈಸೂರಿನ ಮಕ್ಕಳ ಪಾರ್ಕಿನಲ್ಲಿ ಇದ್ದೇ ಇರುತ್ತದೆ. ಜಿರಾಫೆಯ ಪಕ್ಕ ಬಸ್ಸು, ಬಸ್ಸಿನ ಪಕ್ಕ ಡೈನೋಸಾರು ನಿಂತರೂ ದೊಡ್ಡವರು ತಿದ್ದಲು ಹೋಗಬಾರದು. ಮೇಲಿನ ಮೆಟ್ಟಿಲುಗಳಿಗೆ ಕ್ರಮ ಇರಲಿ. ಪಾರ್ಕಿನ ಕ್ರಮ ಮಕ್ಕಳಿಗೆ ಬಿಟ್ಟದ್ದು. ಗೊಂಬೆ ಮುಟ್ಟಬೇಡ ಎಂಬ ಮಾತನ್ನೇ ಕೇಳಿ ಬೆಳೆದ ಮಗುವಿಗೆ ಈ ಹಬ್ಬ ತನ್ನದು ಎನ್ನಿಸುವುದು ಕಷ್ಟ.

ಅಲಂಕಾರ ಮಾಡುವಾಗ ಬೆಂಕಿಯ ಎಚ್ಚರ ಬೇಕು. ಎಣ್ಣೆ ದೀಪವನ್ನು ಪಂಚೆ ಹಾಸಿದ ಮೆಟ್ಟಿಲಿನ ಮೇಲೆ ಇಡದೆ, ನೆಲದಲ್ಲಿ ತಟ್ಟೆಯ ಮೇಲೆ ದೂರಕ್ಕಿಡಬೇಕು. ಸೀರಿಯಲ್ ಸೆಟ್ಟಿನ ವೈರು ಕಿತ್ತಿಲ್ಲವೆಂದು ನೋಡಿ, ಮಲಗುವ ಮೊದಲು ಸ್ವಿಚ್ಚು ಆರಿಸಬೇಕು. ಹಿಂಬದಿಗೆ ಹಳೆಯ ರೇಷ್ಮೆ ಸೀರೆಯೊಂದನ್ನು ಇಳಿಬಿಟ್ಟರೆ, ಇಕ್ಕೆಲದಲ್ಲಿ ಮಾವಿನ ಸೊಪ್ಪು, ಸೇವಂತಿಗೆ ಕಟ್ಟಿದರೆ ಬೇರೆ ಅಲಂಕಾರ ಬೇಕಾಗುವುದಿಲ್ಲ.

ಹಬ್ಬದ ಜೀವ ಇರುವುದು ಸಂಜೆಯಲ್ಲಿ. ಶಾಲೆ ಮುಗಿಸಿ ಮುಖ ತೊಳೆದ ಮಕ್ಕಳು ಗುಂಪುಗೂಡಿ ಬೀದಿಯ ಗೇಟುಗಳ ಮುಂದೆ ನಿಂತು ‘ಗೊಂಬೆ ಕೂರ್ಸಿದೀರಾ?’ ಎಂದು ಕೂಗುತ್ತಾರೆ. ‘ಕೂರ್ಸಿದೀವಿ, ಬನ್ರೋ’ ಎಂದರೆ ಒಳಗೆ ನುಗ್ಗುತ್ತಾರೆ. ಗೊಂಬೆ ನೋಡಿ, ಒಂದು ಹಾಡು ಹೇಳಿ, ಗೊಂಬೆ ಬಾಗಿನ ಈಸಿಕೊಂಡು ಮುಂದಿನ ಮನೆಗೆ ಓಟ. ಗೊಂಬೆ ಬಾಗಿನ ಎಂದರೆ ಮಕ್ಕಳಿಗೆ ಕೊಡುವ ತಿಂಡಿ: ಒಂದು ದಿನ ರವೆ ಉಂಡೆ, ಇನ್ನೊಂದು ದಿನ ಕೋಡುಬಳೆ, ಮತ್ತೊಂದು ದಿನ ಕೊಬ್ಬರಿ ಮಿಠಾಯಿ, ಚಕ್ಕುಲಿ ಅಥವಾ ಕಡಲೆಕಾಳಿನ ಉಸಲಿ. ಯಾರ ಮನೆಯಲ್ಲಿ ಇವತ್ತು ಏನು ಎಂಬ ಸುದ್ದಿ ಮಕ್ಕಳಲ್ಲಿ ಬೇಗ ಹರಡುತ್ತದೆ. ಮುತ್ತೈದೆಯರಿಗೆ ಅರಿಶಿನ ಕುಂಕುಮ, ತಾಂಬೂಲ. ಆಮೇಲೆ ಎಲ್ಲರೂ ಸೇರಿ ಗೊಂಬೆಗೆ ಆರತಿ. ಈ ಹೋಗಿಬರುವಿಕೆಯೇ ಗೊಂಬೆ ಹಬ್ಬವನ್ನು ಊರಹಬ್ಬ ಮಾಡುವುದು. ಎಷ್ಟು ಮೆಟ್ಟಿಲು, ಎಷ್ಟು ಗೊಂಬೆ ಎಂಬ ಪೈಪೋಟಿ ಈಚೆಗೆ ಬಹುಮಾನದ ಸ್ಪರ್ಧೆಗಳಿಂದ ಹೆಚ್ಚಿದೆ. ಮೂರೇ ಮೆಟ್ಟಿಲಿನ ಮನೆಗೆ ಮೂವತ್ತು ಮಕ್ಕಳು ಬಂದು ಹೋದರೆ ಆ ಮನೆಯ ಹಬ್ಬವೇ ದೊಡ್ಡದು. ಜಾತಿ ಮತ ನೋಡದೆ, ಅರಿಶಿನ ಕುಂಕುಮಕ್ಕೆ ವಿಧವೆಯರನ್ನು ಹೊರಗಿಡದೆ ಎಲ್ಲರನ್ನೂ ಕರೆಯುವ ಮನೆಗಳು ಹೆಚ್ಚುತ್ತಿವೆ. ಇದು ಆಗಲೇಬೇಕಿದ್ದ ಬದಲಾವಣೆ.

ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಗೊಂಬೆಗಳ ಮುಂದಿಟ್ಟು ಸರಸ್ವತಿಯನ್ನು ಆವಾಹಿಸುತ್ತಾರೆ. ಓದುವಂತಿಲ್ಲ ಎಂಬ ಕಾರಣಕ್ಕೇ ಮಕ್ಕಳಿಗೆ ಇದು ಪ್ರಿಯವಾದ ಪೂಜೆ. ಮಹಾನವಮಿಯಂದು ಆಯುಧಪೂಜೆ, ಮರುದಿನ ವಿಜಯದಶಮಿ.

ಅಪಾರ್ಟ್‌ಮೆಂಟುಗಳಲ್ಲಿ ಈಗ ಬೇರೊಂದು ಕ್ರಮ ಬಂದಿದೆ. ಕೆಳಗಿನ ಸಭಾಂಗಣದಲ್ಲಿ ಒಂದೇ ದೊಡ್ಡ ಮೆಟ್ಟಿಲು ಕಟ್ಟಿ, ಪ್ರತಿ ಮನೆಯವರೂ ತಮ್ಮ ಒಂದು ಸೆಟ್ಟು ತಂದಿಡುತ್ತಾರೆ. ತಮಿಳರ ಮರದ ಜೋಡಿಗೊಂಬೆ ಮರಪ್ಪಾಚಿ, ತೆಲುಗರ ಕೊಂಡಪಲ್ಲಿ, ಬಂಗಾಳಿಯವರ ದುರ್ಗೆ ಒಂದೇ ಸಾಲಿನಲ್ಲಿ ಕೂರುತ್ತವೆ. ವರ್ಷಕ್ಕೊಂದು ವಿಷಯ ಹಿಡಿದು ಅಲಂಕರಿಸುವವರೂ ಇದ್ದಾರೆ: ರಾಮಾಯಣದ ಒಂದು ಕಾಂಡ, ಹಳ್ಳಿಯ ಸಂತೆ, 2023ರಲ್ಲಿ ಚಂದ್ರಯಾನ. ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ನವರಾತ್ರಿಗೆ ರಜೆ ಇಲ್ಲದ್ದರಿಂದ ಗೊಂಬೆ ನೋಡಲು ಕರೆಯುವುದು ಶನಿವಾರ, ಭಾನುವಾರ. ಗೊಂಬೆಗಳು ಊರಿನಿಂದ ಸೂಟ್‌ಕೇಸಿನಲ್ಲಿ, ಸೀರೆಗಳ ಮಡಿಕೆಯ ನಡುವೆ ಒಂದೊಂದಾಗಿ ಬಂದು ಸೇರಿದವು.

ವಿಜಯದಶಮಿಯ ರಾತ್ರಿ ಆರತಿ ಮುಗಿದ ಮೇಲೆ ಪಟ್ಟದ ಗೊಂಬೆಗಳನ್ನು ಮಲಗಿಸುತ್ತಾರೆ. ಮರುದಿನ ಎಲ್ಲವನ್ನೂ ಇಳಿಸುವುದು. ಇಳಿಸುವ ಕೆಲಸಕ್ಕೂ ಮನೆಮಂದಿಯೆಲ್ಲ ಸೇರಬೇಕು, ಇಲ್ಲವಾದರೆ ಅದು ಮನೆಯೊಡತಿಯೊಬ್ಬಳ ತಲೆಗೇ ಬೀಳುತ್ತದೆ. ಮಣ್ಣಿನ ಗೊಂಬೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣ ಹೋಗುತ್ತದೆ, ಮೆದುವಾದ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಅರಗಿನ ಗೊಂಬೆಗೆ ಒಣಬಟ್ಟೆ. ಹಳೆಯ ಹತ್ತಿಪಂಚೆಯ ತುಂಡಿನಲ್ಲಿ ಒಂದೊಂದನ್ನೇ ಸುತ್ತಿ, ಮೇಲೆ ಪತ್ರಿಕೆ ಸುತ್ತಿ, ಭಾರದವನ್ನು ತಳಕ್ಕೂ ಹಗುರದವನ್ನು ಮೇಲಕ್ಕೂ ಇಡಬೇಕು. ಪೆಟ್ಟಿಗೆಗೆ ಒಣ ಬೇವಿನೆಲೆ, ಲವಂಗ ಹಾಕಿದರೆ ಹುಳ ಬರುವುದಿಲ್ಲ. ಗೋಡೆಯ ತೇವ ತಾಗುವ ಮೂಲೆಯಲ್ಲಿ ಪೆಟ್ಟಿಗೆ ಇಡಬಾರದು. ಬೆರಳು ಮುರಿದ ಗೊಂಬೆಗೆ ಕಾಗದದ ತಿರುಳನ್ನು ಅಂಟಿನಲ್ಲಿ ಕಲಸಿ ತಿದ್ದಿ, ಒಣಗಿದ ಮೇಲೆ ಬಣ್ಣ ಹಚ್ಚಬಹುದು. ಯಾವ ಪೆಟ್ಟಿಗೆಯಲ್ಲಿ ಯಾವ ಮೆಟ್ಟಿಲಿನ ಗೊಂಬೆ, ಯಾವುದಕ್ಕೆ ರಿಪೇರಿ ಬಾಕಿ, ಈ ವರ್ಷ ಸೇರಿದ್ದು ಯಾವುದು, ಅದನ್ನು ತಂದವರು ಯಾರು ಎಂದು ಒಂದು ಹಾಳೆಯಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿಟ್ಟರೆ ಮುಂದಿನ ಮಹಾಲಯ ಅಮಾವಾಸ್ಯೆಗೆ ಅರ್ಧ ಕೆಲಸ ಮುಗಿದಂತೆ.