ಕೈ ಹಿಡಿದವರ ಋಣ

ಬಡತನ, ಅನಾಥತನ, ಅಂಗವೈಕಲ್ಯ ಇವು ಯಾರೂ ಬೇಡಿ ಪಡೆದವಲ್ಲ. ನಮ್ಮ ಗಿರಿನಗರ, ಹೊಸಕೆರೆಹಳ್ಳಿಯ ಬೀದಿಗಳಲ್ಲಿ ಸಣ್ಣ ಕೋಣೆ ಬಾಡಿಗೆಗೆ ಹಿಡಿದು ಓದುವ, ದುಡಿಯುವ ಹಳ್ಳಿಯ ಮಕ್ಕಳನ್ನು ನಾವು ಕಾಣುತ್ತೇವೆ. ಕೆಲವರಿಗೆ ತಂದೆಯಿಲ್ಲ, ಕೆಲವರಿಗೆ ಹೊಲವಿಲ್ಲ. ‘ನಮ್ಮ ಹಣೆಬರಹವೇ ಇಷ್ಟು’ ಎಂದು ಕೈಚೆಲ್ಲುವ ಮುನ್ನ ಅವರು ಗದುಗಿನ ಪುಟ್ಟರಾಜ ಗವಾಯಿಗಳ ಬಾಳನ್ನೊಮ್ಮೆ ನೆನೆಯಬೇಕು.

1914ರ ಮಾರ್ಚ್ 3ರಂದು ಹಾನಗಲ್ ತಾಲ್ಲೂಕಿನಲ್ಲಿ ಹುಟ್ಟಿದ ಪುಟ್ಟಯ್ಯ ಹಸುಳೆಯಾಗಿದ್ದಾಗಲೇ ಕಣ್ಣು ಕಳೆದುಕೊಂಡ. ತಂದೆ ರೇವಯ್ಯನವರೂ ಬೇಗನೆ ತೀರಿಕೊಂಡರು. ಕುರುಡು ಮಗುವನ್ನು ಮನೆಗೆ ಹೊರೆಯೆಂದು ಬಗೆಯುವವರೇ ಹೆಚ್ಚಾಗಿದ್ದ ಕಾಲವದು. ಸೋದರಮಾವ ಚಂದ್ರಶೇಖರಯ್ಯನವರು ಹಾಗೆ ಬಗೆಯಲಿಲ್ಲ. ಮಗುವಿನ ಬೆರಳು ಹಾರ್ಮೋನಿಯಂ ಮೇಲೆ ಸ್ವರ ಹುಡುಕುವುದನ್ನು ಕಂಡು, ಪಂಚಾಕ್ಷರ ಗವಾಯಿಗಳ ಮಡಿಲಿಗೆ ಒಪ್ಪಿಸಿದರು. ಆ ಗುರುಗಳೂ ಹುಟ್ಟು ಅಂಧರೇ. ಹಾನಗಲ್ ಕುಮಾರ ಸ್ವಾಮಿಗಳು ಕೈ ಹಿಡಿದಿದ್ದರಿಂದ ಸಂಗೀತ ವಿದ್ಯೆ ಪಡೆದವರು. ತಮಗೆ ದೊರೆತ ಆಸರೆಯನ್ನು ಅವರು ಮತ್ತೊಬ್ಬ ಅಂಧ ಬಾಲಕನಿಗೆ ದಾಟಿಸಿದರು.

ನಿಜವಾದ ಪರೀಕ್ಷೆ ಬಂದದ್ದು 1944ರಲ್ಲಿ. ಗುರುಗಳು ಲಿಂಗೈಕ್ಯರಾದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ, ಅನಾಥ ಮಕ್ಕಳ ಅನ್ನದ ಭಾರ ಮೂವತ್ತರ ಪುಟ್ಟರಾಜರ ಹೆಗಲಿಗೆ ಬಿತ್ತು. ಒಬ್ಬರೇ ಹಾಡಿ ಹೆಸರು ಗಳಿಸಿ ಸುಖವಾಗಿರಬಹುದಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ನಾಟಕಗಳನ್ನು ರಚಿಸಿ, ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು. ಅದರ ಗಳಿಕೆ ಆಶ್ರಮದ ದಾಸೋಹಕ್ಕೆ ಸಂದಿತು. ಮಕ್ಕಳು ಉಂಡರು, ಹಾಡು ಕಲಿತರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಜನಪದ ಗಾಯಕರ ಮಗ ವೆಂಕಟೇಶ ಕುಮಾರ್ ಅಲ್ಲಿ ಹನ್ನೆರಡು ವರ್ಷ ಕಲಿತು, ಹಿಂದೂಸ್ತಾನಿ ಗಾಯಕರಾಗಿ ಹೆಸರಾಗಿ, 2016ರಲ್ಲಿ ಪದ್ಮಶ್ರೀ ಪಡೆದರು.

ಪುಟ್ಟರಾಜರು ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಕೃತಿ ರಚಿಸಿದರು. 2010ರಲ್ಲಿ ಪದ್ಮಭೂಷಣ ಬಂದಿತು. ಅದೇ ವರ್ಷದ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು.

ಸದ್ಭಕ್ತರೇ, ಈ ಬಾಳಿನಿಂದ ನಾವು ಕಲಿಯಬೇಕಾದುದೇನು? ‘ನನ್ನ ಕಾಲ ಮೇಲೆ ನಾನೇ ನಿಂತೆ’ ಎಂದು ಹೇಳಿಕೊಳ್ಳುವುದು ಸುಲಭ. ಆದರೆ ಹಿಂದೆ ತಿರುಗಿ ನೋಡಿದರೆ ಒಬ್ಬ ಮಾವ, ಒಬ್ಬ ಗುರು, ಒಂದು ಹೊತ್ತು ಅನ್ನವಿಕ್ಕಿದ ಒಬ್ಬ ತಾಯಿ ಕಂಡೇ ಕಾಣುತ್ತಾರೆ. ಅವರ ಋಣವನ್ನು ಅವರಿಗೇ ತೀರಿಸಲು ಬಹಳ ಸಲ ಆಗುವುದಿಲ್ಲ, ಅಷ್ಟರಲ್ಲಿ ಅವರು ಇಲ್ಲವಾಗಿರುತ್ತಾರೆ. ಇನ್ನೊಬ್ಬರ ಮಗುವಿಗೆ ತೀರಿಸಬೇಕು. ಕಷ್ಟದಲ್ಲಿರುವ ಮಕ್ಕಳು ಚಾಚಿದ ಕೈಯನ್ನು ಸಂಕೋಚವಿಲ್ಲದೆ ಹಿಡಿಯಲಿ. ಮನೆ ಕಟ್ಟಿ ನೆಮ್ಮದಿಯಾಗಿರುವ ನಾವು ನಮ್ಮ ಬೀದಿಯ ಒಂದು ಮಗುವಿನ ಶುಲ್ಕವನ್ನೋ, ಪುಸ್ತಕವನ್ನೋ, ಹಬ್ಬದ ಊಟವನ್ನೋ ನಮ್ಮದಾಗಿಸಿಕೊಳ್ಳೋಣ.